ಮೂವತ್ತು ಡಿಗ್ರಿಯ ಪೆಟ್ಟಿಗೆ

ಫೆಬ್ರವರಿ ೧೨, ಗುರುವಾರ

ಬರೆಯಲೂ ನಾಚಿಕೆಯಾಗುತ್ತಿದೆ. ಎರಡು ತಿಂಗಳು ಫ್ರಿಜ್ಜಿನಲ್ಲಿ ಮಲಗಿದ್ದ ಪತಂಗದ ಗೂಡುಗಳನ್ನು ಅರ್ಧ ಇಪ್ಪತ್ತು ಡಿಗ್ರಿಯ ಪೆಟ್ಟಿಗೆಯಲ್ಲಿ, ಅರ್ಧ ಮೂವತ್ತರ ಪೆಟ್ಟಿಗೆಯಲ್ಲಿ ಇಟ್ಟಿದ್ದೆವು. ಬಿಸಿ ಹೆಚ್ಚಿದ್ದಲ್ಲಿ ಉಸಿರಾಟ ಜೋರಾಗಿ ಪತಂಗ ಬೇಗ ಹೊರಬರಬೇಕು. ಇವತ್ತಿಗೂ ಒಂದೂ ಬಂದಿಲ್ಲ. ಉಸಿರಿನ ಅಳತೆಯೂ ಎರಡರಲ್ಲೂ ಒಂದೇ.

ಲ್ಯಾಬ್ ನೋಡಿಕೊಳ್ಳುವ ವನಜಕ್ಕನನ್ನು ವಿದ್ಯಾರ್ಥಿಗಳೆಲ್ಲರ ಎದುರು ಬೈದೆ. "ಗಳಿಗೆಗೊಂದ್ಸಲ ಬಾಗ್ಲ್ ತೆಗ್ದ್ ಬಿಸಿ ಎಲ್ಲ ಹಾಳ್ ಮಾಡಿದ್ರಿ!"

ನನಗಿಂತ ಇಪ್ಪತ್ತು ವರ್ಷ ದೊಡ್ಡವರು ತಲೆ ತಗ್ಗಿಸಿದರು. "ತಪ್ಪಾಯ್ತ್ ಮೇಡಂ, ಇನ್ ತೆಗಿತಿಲ್ಲೆ. ಹುಳಕ್ಕೆ ಇನ್ನೂ ಜೀವ ಇತ್ತಲ್ದಾ?"

ಸಂಜೆ ಎಲ್ಲರೂ ಹೋದ ಮೇಲೆ ಮೂವತ್ತರ ಪೆಟ್ಟಿಗೆಯ ಗುಂಡಿ ನೋಡಿದೆ. ಅದೂ ಇಪ್ಪತ್ತಕ್ಕೇ ಇತ್ತು. ಮೊದಲ ದಿನ ಅದನ್ನು ತಿರುಗಿಸಿದ್ದು ನಾನೇ.

ಕುಂದಾಪುರ ಬಸ್ ನಿಲ್ದಾಣಕ್ಕೆ ಓಡಿದೆ. ವನಜಕ್ಕ ಬೈಂದೂರು ಬಸ್ಸಿನ ಕಿಟಕಿಯಲ್ಲಿದ್ದರು.

"ಎಂತಾಯ್ತ್ ಮೇಡಂ?" ಎಂದು ಗಾಬರಿಯಾದರು.

ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. "ಎಂತ ಇಲ್ಲ, ನಾಳೆ ಬೇಗ ಬನ್ನಿ."

"ಆಯ್ತ್, ಮೊದ್ಲ್ನೆ ಬಸ್ಸಿಗೇ ಬತ್ತೆ."

ಕ್ಷಮೆ ಕೇಳಲು ಹೋಗಿ ಅಪ್ಪಣೆ ಕೊಟ್ಟು ಬಂದೆ. ಬೈದದ್ದು ಎಲ್ಲರೆದುರು, ಹೇಳುವುದೂ ಎಲ್ಲರೆದುರೇ ಆಗಬೇಕು. ನಾಳೆ ಹೇಳಬೇಕಾದದ್ದು ಇಷ್ಟೇ: ವನಜಕ್ಕ, ಗುಂಡಿ ತಿರುಗಿಸಿದ್ದು ನಾನು, ನಿಮ್ಮ ತಪ್ಪೇನೂ ಇಲ್ಲ, ಕ್ಷಮಿಸಿ.