ಹಾಪ್ಸ್ ಕೊಯ್ದವರ ಬಿಯರ್

ಎಲಾದಿಯೊ ತಮ್ಮಾ,

ಗೆದ್ದೆವು ಕಣೋ! ಯಾಕಿಮಾ ಕಣಿವೆಯ ಮನೆ-ಬಿಯರ್ ಸ್ಪರ್ಧೆಯಲ್ಲಿ ನಮ್ಮದು ಮೊದಲು, ನಾವು ಹಾಪ್ಸ್ ಹೂ ಕೊಯ್ಯುವ ತೋಟದ ಧಣಿಯದು ಎರಡನೆಯದು. "ಕೊಯ್ಯೋರಿಗೆ ರುಚಿ ಏನು ಗೊತ್ತು?" ಅಂದಿದ್ದನಲ್ಲ, ಅವನ ಮುಖ ನೋಡಬೇಕಿತ್ತು!

ಉಳಿದ ಬಾಟಲಿಗಳನ್ನು ಕೊಯ್ಲಿನ ಹೆಂಗಸರಿಗೆ ಹಂಚಲು ಹೊರಟಿದ್ದೇನೆ. ಭಾನುವಾರದ ಕೂಲಿಕಾರರ ಸಂಘದ ಸಭೆಗೆ ಇಟ್ಟಿರುವ ಬಿಯರ್ ಡ್ರಮ್ಮಿಗೆ ಇವತ್ತೇ ಘಮಕ್ಕೆ ಹಾಪ್ಸ್ ಹೂವಿನ ಚೀಲ ಇಳಿಬಿಟ್ಟು ಮುಚ್ಚಳ ಬಿಗಿಮಾಡು. ವಾಸನೆ ನೋಡಲು ಮತ್ತೆ ತೆರೆಯಬೇಡ. ಹೋದ ಸಲ ಗಾಳಿ ಒಳಗೆ ಬಿಟ್ಟು ಕೆಡಿಸಿದವನು ನೀನೇ. ಮಿಕ್ಕ ಹೂ ನಾಯಿಗೆ ಸಿಗಬಾರದು, ಅದಕ್ಕೆ ವಿಷ.

ಗೆದ್ದ ಬಿಯರ್ ಬಾಟಲಿಯ ಮೇಲೆ ತನ್ನ ತೋಟದ ಹೆಸರು ಹಾಕಿಸಿಕೊಳ್ಳಲು ಧಣಿ ಮನೆಗೇ ಬರುತ್ತಾನಂತೆ. ಕೂರಿಸಿ, ಒಂದು ಲೋಟ ಕೊಟ್ಟು ಹೇಳು: "ಬಳ್ಳಿ ಗೀರಿ ಕೈ ರಕ್ತ ಮಾಡ್ಕೊಂಡ ಹದಿನೇಳು ಹೆಂಗಸರ ಹೆಸರು ಮೊದ್ಲು ಬರೀತೀವಿ, ಧಣಿ. ಜಾಗ ಉಳಿದ್ರೆ ನಿಮ್ದೂ."

ನಿನ್ನಕ್ಕ ಒದಿಲಿಯಾ