ಅಪ್ಪ ಕದ್ದು ಓದಿದ ಕಾದಂಬರಿ

ಅಪ್ಪಾ,

ಸಿಕ್ಕಿಬಿದ್ದೆ ನೀನು! ನಾನು ಲೈಬ್ರರಿಯಿಂದ ತಂದಿದ್ದ ಹರೆಯದವರ ಕಾದಂಬರಿ ನಿನ್ನೆ ನಿನ್ನ ವೆಲ್ಡಿಂಗ್ ಸಾಮಾನಿನ ಚೀಲದಲ್ಲಿ ಸಿಕ್ಕಿತು, ಪುಟಗಳ ತುಂಬ ಗ್ರೀಸಿನ ಬೆರಳ ಗುರುತು. ಬಯ್ಯಬೇಕೆಂದು ಬಾಯಿ ತೆರೆದರೆ ನೀನೇ ಮೊದಲು, "ಆ ಹುಡುಗಿ ದೋಣಿ ದಡ ಮುಟ್ಟುತ್ತಾ, ಇಲ್ವಾ? ಅಷ್ಟು ಹೇಳಿಬಿಡೇ" ಎಂದೆ. ಇಪ್ಪತ್ತು ವರ್ಷದಿಂದ "ಕಥೆ ಓದಿದ್ರೆ ಹೊಟ್ಟೆ ತುಂಬುತ್ತಾ?" ಎನ್ನುತ್ತಿದ್ದವನು ನೀನೇ ತಾನೇ! ಬೆಳಗ್ಗೆ ಹಲ್ಲುಜ್ಜುವಾಗಲೂ ನಗು ತಡೆಯಲಾಗಲಿಲ್ಲ.

ದಡ ಮುಟ್ಟಿದಳೋ ಇಲ್ಲವೋ, ಎರಡನೇ ಭಾಗದಲ್ಲಿದೆ. ಫ್ರಿಜ್ಜಿನ ಮೇಲಿಟ್ಟಿದ್ದೇನೆ. ಕೈ ತೊಳೆದು ಮುಟ್ಟು.

ಮನೆಯವರಿಗೆಲ್ಲ ಒಂದೊಂದು ಪುಸ್ತಕ ತಂದಿಟ್ಟಿದ್ದೇನೆ. ಅಜ್ಜಿಗೆ ಕಥೆಯಲ್ಲಿ ರಹಸ್ಯ ಇರಲೇಬೇಕು. ಹಾಸ್ಟೆಲಿನ ವಾರ್ಡನ್ ಮಾಯವಾಗುವ ಕಾದಂಬರಿ ಅವಳ ದಿಂಬಿನ ಪಕ್ಕದಲ್ಲಿದೆ. ಕೊನೆಯ ಪುಟವನ್ನು ಮೊದಲೇ ಓದಲು ಬಿಡಬೇಡ. ತಮ್ಮನಿಗೆ ದಪ್ಪ ಪುಸ್ತಕ ಕಂಡರೆ ಜ್ವರ ಬರುತ್ತದೆ, ಗೋಲ್‌ಕೀಪರ್ ಹುಡುಗಿಯ ತೆಳ್ಳನೆಯದನ್ನು ಕೊಡು. ಅಮ್ಮನಿಗೆ ಪ್ರೇಮಕಥೆ. ಆದರೆ ಹಾಗೆ ಹೇಳಿದರೆ ಮುಟ್ಟುವುದಿಲ್ಲ. "ಹಳೇ ಕಾಗದಗಳ ಕಥೆ" ಅನ್ನು.

ಒಲೆಯ ಮೇಲೆ ಹಾಲಿದೆ. ಓದುತ್ತಾ ಉಕ್ಕಿಸಬೇಡ.

ಇವತ್ತು ಹನ್ನೊಂದಕ್ಕೆ ಲೈಬ್ರರಿಯಲ್ಲಿ ನಾನು ನೋಡಿಕೊಳ್ಳಲಿರುವ ಹರೆಯದವರ ಓದುಕೋಣೆ ಮೊದಲ ಸಲ ತೆರೆಯುತ್ತದೆ. ಓದುಗರು ಬರದಿದ್ದರೆ ಆರೇ ತಿಂಗಳಿಗೆ ಮುಚ್ಚುತ್ತಾರಂತೆ. ಕೆಲಸದ ಬಟ್ಟೆಯಲ್ಲೇ ಬಂದುಬಿಡು, ಮೊದಲ ಸದಸ್ಯ ನೀನೇ ಆಗಬೇಕು. ಬಾಗಿಲಿನಲ್ಲಿ "ಹದಿಮೂರರಿಂದ ಹತ್ತೊಂಬತ್ತು ವರ್ಷದವರಿಗೆ" ಎಂಬ ಬೋರ್ಡಿದೆ. ಹೆದರಬೇಡ. ವಯಸ್ಸು ಕೇಳುವವಳು ನಾನೇ, ಧೈರ್ಯವಾಗಿ ಸುಳ್ಳು ಹೇಳು.

ನಿನ್ನ ದೊಡ್ಡವಳು