ಹಳೆಯ ವಾಲ್ವ್ ನನ್ನ ಟ್ರಂಕಿನಲ್ಲಿದೆ

೯ ಫೆಬ್ರುವರಿ ೧೯೭೯, ಶುಕ್ರವಾರ. ಬಾಗಲಕೋಟೆ.

ನಾಳೆ ಬೈಗುಳ ತಪ್ಪಿದ್ದಲ್ಲ. ಆದರೂ ಆ ವಾಲ್ವ್ ಕೊಡುವುದಿಲ್ಲ.

ನಾಳೆ ಕಾಲೇಜಿನ ಗ್ಯಾದರಿಂಗ್, ವಾರ್ಷಿಕೋತ್ಸವ. ಫಸ್ಟ್ ಇಯರ್‌ನಿಂದ ಗಿಟಾರ್ ನುಡಿಸುವವಳು ನಾನೊಬ್ಬಳೇ. ಮಧ್ಯಾಹ್ನ ಪ್ರ್ಯಾಕ್ಟೀಸಿನಲ್ಲಿ ಆಂಪ್ಲಿಫೈಯರಿನ ಬಲ್ಬಿನಂಥ ಎರಡು ಗಾಜಿನ ಪವರ್ ವಾಲ್ವ್‌ಗಳಲ್ಲಿ ಒಂದು ಕೆಂಪಗೆ ಕಾದು ಸತ್ತಿತು. ಗ್ಯಾದರಿಂಗ್ ಸೆಕ್ರೆಟರಿ ಅಮಾತೆಪ್ಪ, ಖಾಸಿಂಸಾಬರ ರೇಡಿಯೋ ಅಂಗಡಿಯಿಂದ ಹೊಸ ಜೋಡಿಯನ್ನೇ ತಂದ. ಆದರೆ ಒಂದನ್ನಷ್ಟೇ ಹಾಕು ಎಂದ.

ನಾನೆಂದೆ: "ಎರಡೂ ಬದಲಿ ಮಾಡಬೇಕ್ರಿ, ಪೇರ್ ಮ್ಯಾಚ್ ಆಗಬೇಕು. ಇಲ್ಲಂದ್ರ ಹೊಸದರ ಮ್ಯಾಲೇ ಎಲ್ಲಾ ಲೋಡ್ ಬಿದ್ದು ಅದೂ ಸುಡ್ತದ."

"ಏನವಾ ಕಾನ್ವೆಂಟ್, ಚಲೋ ಇದ್ದದ್ದನ್ನ ಯಾರರ ಕಿತ್ತ ಒಗೀತಾರೇನು? ನೀ ಸುಮ್ಮ ಗಿಟಾರ್ ಬಾರಸು."

ಎಲ್ಲರೂ ನಕ್ಕರು. ನನ್ನ ಅರ್ಧ ಇಂಗ್ಲಿಷಿಗೋ, ನಡುಗುವ ದನಿಗೋ ಗೊತ್ತಿಲ್ಲ. ನಾನು ಓದಿದ ಕಾನ್ವೆಂಟ್ ಬೋರ್ಡಿಂಗ್ ಸ್ಕೂಲಿನಲ್ಲಿ ಹೀಗೇ ಒಂದು ವಾಲ್ವ್ ಉಳಿಸಲು ಹೋಗಿ ಟ್ರಾನ್ಸ್‌ಫಾರ್ಮರೇ ಸುಟ್ಟಿತ್ತು. ಆ ವಾಸನೆ ನಾನು ಮರೆತಿಲ್ಲ. ಪ್ಲಗ್ ಕಿತ್ತೆ, ಆರಲು ಬಿಟ್ಟೆ, ಹಳೆಯವೆರಡನ್ನೂ ತೆಗೆದು ಹೊಸ ಜೋಡಿ ಕೂಡಿಸಿದೆ. ಎರಡೂ ಒಂದೇ ಬಣ್ಣಕ್ಕೆ ಬೆಳಗಿದವು. ಎಷ್ಟು ಚೆಂದ!

ಅಮಾತೆಪ್ಪ ಮಾತ್ರ ಸೋಲಲಿಲ್ಲ. "ಮುಂಜಾನೆ ನಾ ಬಂದು ಹಳೇದನ್ನ ತಿರುಗಿ ಹಾಕ್ತೇನಿ. ಹೊಸದೊಂದು ಮುಂದಿನ ವರ್ಷಕ್ಕ ಉಳೀತದ."

ಹಾಕಲಿ, ನೋಡೋಣ. ಸಾಯದೆ ಉಳಿದ ಆ ಹಳೆಯ ವಾಲ್ವ್ ಈಗ ನನ್ನ ಟ್ರಂಕಿನಲ್ಲಿ, ಕಾಲುಚೀಲದೊಳಗೆ ಮಲಗಿದೆ. ಲೇಡೀಸ್ ಹಾಸ್ಟೆಲಿನ ಗೇಟು ದಾಟಲು ಸೆಕ್ರೆಟರಿಗೂ ಪರವಾನಗಿ ಇಲ್ಲ.

ಬೈಯಲಿ. ಪ್ರೋಗ್ರಾಮಿನಿಂದ ಹೆಸರು ಹೊಡೆದು ಹಾಕಿದರೂ ಗಿಟಾರ್ ಹಿಡಿದು ಸ್ಟೇಜ್ ಹತ್ತುತ್ತೇನೆ. ಹೆದರಿಕೆಯೇನೋ ಇದೆ. ಇರಲಿ, ಅದೂ ನನ್ನ ಜೊತೆಗೇ ಹತ್ತಲಿ.